ಎಲ್ಲರಿಗೂ ಸೀಟು ಕೊಡೋ ಕಾಲೇಜು

ಚಾಮರಾಜಪೇಟೆಯ ಸಂಜೆ ಕಾಲೇಜೊಂದರಲ್ಲಿ ಆಗ ನಾನು ಗುಮಾಸ್ತ. ದೊಡ್ಡ ಕಾಲೇಜುಗಳ ಲಿಸ್ಟಿನಲ್ಲಿ ಹೆಸರು ಬಾರದವರೆಲ್ಲ ನಮ್ಮಲ್ಲಿಗೇ ಬರೋರು. ಪಾಸಾಗಿದ್ದರೆ ಸಾಕು, ಸೀಟು.

ಒಬ್ಬ ತಾಯಿ ಮಗಳ ಅರ್ಜಿ ತಂದರು. ಅಂಟಿಸಿದ್ದ ಫೋಟೋದ ಹಣೆಗೆ ಹಚ್ಚಿದ್ದ ಗಂಧ ಒಣಗಿತ್ತು.

"ಮಗಳು ಎಲ್ಲಮ್ಮಾ? ಸೈನ್ ಹಾಕ್ಬೇಕು."

"ಲಿಸ್ಟಲ್ಲಿ ಹೆಸರಿಲ್ಲ ಅಂತ ಮಲಗಿದೋಳು ಏಳಲೇ ಇಲ್ಲ ಸಾರ್. ನೀವು ಯಾರಿಗೂ ಇಲ್ಲ ಅನ್ನಲ್ವಂತೆ?"

ನಿಯಮದ ಪುಸ್ತಕ ತಿರುವಿದೆ. ಪಾಸಾಗಿರಬೇಕು ಅಂತಿತ್ತು. ಬದುಕಿರಬೇಕು ಅಂತ ಎಲ್ಲೂ ಇರಲಿಲ್ಲ. ಸೀಲು ಒತ್ತಿಬಿಟ್ಟೆ.

ತಿಂಗಳ ಕೊನೆಗೆ ಹಾಜರಿ ಪುಸ್ತಕ ನೋಡಿದರೆ, ಇಡೀ ಕ್ಲಾಸಿನಲ್ಲಿ ಒಂದು ದಿನವೂ ತಪ್ಪಿಸದವಳು ಅವಳೊಬ್ಬಳೇ. ಯಾರೋ ಗೆಳತಿ ಪ್ರಾಕ್ಸಿ ಕೂಗಿರ್ತಾಳೆ ಅಂತ ಎಲ್ಲರಿಗೂ ಹೇಳ್ತೀನಿ. ಆ ಕ್ಲಾಸಿನಲ್ಲಿ ಬೇರೆ ಹುಡುಗಿಯರೇ ಇರಲಿಲ್ಲ ಅನ್ನೋದನ್ನ ಮಾತ್ರ ಹೇಳೋಕೆ ಹೋಗಲ್ಲ.