ಬೂಟು ಹಾಕಿದ ಹುಲಿ

ಹುಲಿ ಪೊದೆಯಿಂದ ಹಾರಿತು. ಅದರ ಹಿಂಗಾಲಿನಲ್ಲಿ ಕಪ್ಪು ಬೂಟುಗಳಿದ್ದವು.

ನಾನು ಹೆದರಲೂ ಇಲ್ಲ, ನಗಲೂ ಇಲ್ಲ. ನಾಚಿಕೆಯಿಂದ ತಲೆ ತಗ್ಗಿಸಿದೆ. ಅಷ್ಟರಲ್ಲಿ ಟೆಂಟ್ ಸಿನಿಮಾದ ಗಂಡಸರ ಕಡೆಯಿಂದ ಒಬ್ಬ ಕೂಗಿದ: "ಲೇ ಹುಲಿಯಾ, ಬೂಟ ಬಿಚ್ಚಿಟ್ಟ ಬಾರಲೇ!" ಹೆಂಗಸರ ಕಡೆಯಿಂದ ಉತ್ತರ ಹೋಯಿತು: "ಬೂಟಿನ ನಾಡಾ ಸಡ್ಲ ಆಗೈತಿ ನೋಡೋ, ಎಡವಿ ಬೀಳ್ತಿ!" ಹಾಗೆ ಕೂಗಿದವರು ನನ್ನ ಪಕ್ಕದಲ್ಲೇ ಕುಳಿತಿದ್ದ, ಅರವತ್ತು ದಾಟಿದ, ದಿನಾ ಬಸದಿಗೆ ಹೋಗುವ ನನ್ನ ಮನೆಯೊಡತಿ.

ಗೆಳೆಯರೇ, ನಮ್ಮ ಸಿನಿಮಾ ಬಳಗದಲ್ಲಿ ನಾವು ಹೇಗೆ ನೋಡುತ್ತಿದ್ದೆವು ನೆನಪಿದೆಯಲ್ಲ? ಕೊಳ್ಳೇಗಾಲದ ಟಾಕೀಸಿನಲ್ಲಿ ಮೂರನೇ ಸಾಲು, ಕೈಯಲ್ಲಿ ನೋಟ್‌ಬುಕ್ಕು, ಯಾರಾದರೂ ಕೆಮ್ಮಿದರೂ ಸಿಟ್ಟು. ಅಂಥ ನನ್ನನ್ನು ಕಾಗವಾಡದ ಈ ಟೆಂಟಿನ ಮರಳಿನ ಮೇಲೆ ಕೂರಿಸಿದರೆ ಹೇಗಿರಬೇಡ! ಅದನ್ನೇ ಹೇಳೋಣ ಎಂದು ನೀರಾವರಿ ಆಫೀಸಿನ ಟೈಪ್‌ರೈಟರಿನ ಮುಂದೆ ಕೂತಿದ್ದೇನೆ. ಸಾಹೇಬರು ಕಾಲುವೆ ನೋಡಲು ಹೋಗಿದ್ದಾರೆ.

ಹೋದ ವರ್ಷ ನಾನು ಇಲ್ಲಿಗೆ ಬಂದದ್ದು ಟೈಪಿಸ್ಟ್ ಕೆಲಸಕ್ಕೆ. ಉಗಾರದಲ್ಲಿ ರೈಲು ಇಳಿದಾಗ ಮೊದಲು ಬಂದದ್ದು ವಾಸನೆ. ಸಕ್ಕರೆ ಕಾರ್ಖಾನೆಯದು, ಹಳೆಯ ಬೆಲ್ಲಕ್ಕೆ ಹುಳಿ ಹತ್ತಿದ ಹಾಗೆ. ನಮ್ಮಲ್ಲಿ ರೇಷ್ಮೆಗೂಡು ಬೇಯಿಸುವ ವಾಸನೆಗೆ ಹೊರಗಿನವರು ಮೂಗು ಮುಚ್ಚಿಕೊಂಡರೆ ನಾವು ನಗುತ್ತಿದ್ದೆವು. ಇಲ್ಲಿ ನನ್ನ ಮೂಗು ನೋಡಿ ಗಾಡಿಯವರು ನಕ್ಕರು. ರೂಮು ಸಿಕ್ಕಿದ್ದು ಪದ್ಮಾವತಿ ಎಂಬ ಜೈನ ವಿಧವೆಯ ಮನೆಯಲ್ಲಿ. ಎಲ್ಲರೂ ಅವರನ್ನು ಆಯಿ ಎನ್ನುತ್ತಾರೆ. ಈ ಸೀಮೆಯ ಕನ್ನಡದಲ್ಲಿ ಆಯಿ ಎಂದರೆ ಅಜ್ಜಿ. ಐದಾರು ಮೈಲು ದಾಟಿ ಮಹಾರಾಷ್ಟ್ರಕ್ಕೆ ಹೋದರೆ ಅಮ್ಮ. ಇವರು ಎರಡರ ನಡುವೆ ಎಲ್ಲೋ ಇದ್ದಾರೆ.

ಆ ಮನೆಯಲ್ಲಿ ಸೂರ್ಯ ಮುಳುಗಿದ ಮೇಲೆ ಊಟವಿಲ್ಲ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಇಲ್ಲ. ಸಾಯಂಕಾಲ ಆಫೀಸಿನಿಂದ ಬಂದವಳೇ ಕೈ ತೊಳೆದು ರೊಟ್ಟಿ, ಕಡಲೆಹಿಟ್ಟಿನ ಝುಣಕದ ಮುಂದೆ ಕೂರಬೇಕು. ಮುದ್ದೆ, ಉಪ್ಸಾರು ನೆನೆದು ನಾಲಿಗೆ ಅಳುತ್ತಿತ್ತು. ಕತ್ತಲಾದ ಮೇಲೆ ರೂಮಿನ ಬಾಗಿಲು ಹಾಕಿಕೊಂಡು ಬಿಸ್ಕತ್ತು ತಿನ್ನುತ್ತಿದ್ದೆ. ಒಂದು ವಾರ ಸುಮ್ಮನಿದ್ದ ಆಯಿ ಬೆಳಗ್ಗೆ ಹೇಳಿದರು: "ತಿನ್ನು ಬೇ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಆ ಬಿಸ್ಕೀಟಿನ ಕಾಗದ ಭಾಳ ಸಪ್ಪಳ ಮಾಡತೈತಿ."

ಹುಲಿಯನ್ನು ನೋಡಿದ ದಿನ ಮಧ್ಯಾಹ್ನ ತಂಗಿಯಿಂದ ಇನ್‌ಲ್ಯಾಂಡ್ ಪತ್ರ ಬಂದಿತ್ತು. ಅಮ್ಮನಿಗೆ ಹತ್ತು ದಿನದಿಂದ ಜ್ವರ, ಇಳಿಯುತ್ತಿಲ್ಲ, ನೀನು ಬರಬೇಕಾಗಿಲ್ಲ ಎಂದು. ಬರಬೇಕಾಗಿಲ್ಲ ಎಂದು ಬರೆದರೆ ಏನರ್ಥ ಎಂದು ನಿಮಗೆ ಗೊತ್ತು. ಕೆಲಸಕ್ಕೆ ಸೇರಿ ಮೂರೇ ವಾರ, ರಜೆ ಕೊಡಲಿಲ್ಲ. ಊರಿನ ಕಡೆಗೆ ವರ್ಗ ಮಾಡಿಕೊಡಿ ಎಂದು ಅವತ್ತೇ ಅರ್ಜಿ ಟೈಪ್ ಮಾಡಿ ಕೊಟ್ಟೆ. ಮನೆಗೆ ಬಂದು ಆಯಿಗೆ ಅಮ್ಮನ ಜ್ವರದ ಸುದ್ದಿಯಷ್ಟೇ ಹೇಳಿ, ಇವರು ಹೌದು ಎನ್ನುವ ನೀರಿನ ತೊಟ್ಟಿಯ ಹಿಂದೆ ನಿಂತು ಅತ್ತೆ. ಯಾರೂ ನೋಡಿಲ್ಲ ಎಂದುಕೊಂಡಿದ್ದೆ.

"ಏಳು, ಪಿಚ್ಚರಿಗೆ ಹೋಗೂಣು," ಎಂದರು ಆಯಿ.

"ಬೇಡ ಆಯಿ, ಮನಸ್ಸಿಲ್ಲ."

"ಮನಸ್ಸ ಇಲ್ಲಿರ‍್ಲಿ, ನೀ ಬಾ."

ದಾರಿಯಲ್ಲಿ ಎರಡು ಪೊಟ್ಟಣ ಹುರಿದ ಶೇಂಗಾ ಕೊಂಡರು. ಒಂದು ನನಗೆ. ಇನ್ನೊಂದನ್ನು ಬಿಚ್ಚದೆ ಸೀರೆಯ ಉಡಿಯಲ್ಲಿ ಕಟ್ಟಿಕೊಂಡರು, ಹೊತ್ತು ಮುಳುಗಿತ್ತಲ್ಲ.

ಇನ್ನು ಸಿನಿಮಾ. ನಾಯಕನಿಗೆ ಡಬಲ್ ಪಾರ್ಟು. ಅಣ್ಣತಮ್ಮ ಅಪ್ಪಿಕೊಂಡಾಗ ಬೆನ್ನು ತೋರಿಸಿದವನು ಒಂದು ಗೇಣು ಕುಳ್ಳಗಿದ್ದ. ಬಾವಿಗೆ ಬಿದ್ದ ನಾಯಕಿ ಒಣಗಿದ ಸೀರೆಯಲ್ಲಿ ಮೇಲೆ ಬಂದಳು. ಪ್ರತಿಯೊಂದಕ್ಕೂ ಟೆಂಟು ಒಂದು ಮಾತು ಹೇಳುತ್ತಿತ್ತು. ನಾನು ಮುಖ ಬಿಗಿದು ಕೂತಿದ್ದೆ.

ಇಂಟರ್ವಲ್ ಆಯಿತು. ಮತ್ತೆ ಶುರುವಾದಾಗ ನಾಯಕ ಹೇಳುವುದು ಒಂದೂ ತಿಳಿಯಲಿಲ್ಲ. ಸುತ್ತ ಎಲ್ಲರೂ ಮೊದಲಿನ ಹಾಗೇ ನಗುತ್ತಿದ್ದಾರೆ, ಬೈಯುತ್ತಿದ್ದಾರೆ. ನನ್ನ ಕಿವಿಗೇ ಏನೋ ಆಗಿದೆ ಎಂದುಕೊಂಡೆ. ಕೊನೆಗೆ ಕೇಳಿದೆ.

"ಆಯಿ, ಇವನು ಏನು ಹೇಳ್ತಿದ್ದಾನೆ?"

"ಅವ್ವನ್ನ ಹುಡುಕಾಕತ್ತಾನ. ಅಷ್ಟೂ ತಿಳೀವಲ್ದ?"

"ಯಾವ ಭಾಷೇಲಿ?"

ಆಯಿ ಕಿವಿಗೊಟ್ಟು ಕೇಳಿದರು. ಬಾಯಿ ಮೇಲೆ ಕೈ ಇಟ್ಟುಕೊಂಡರು. "ಅಯ್ಯ ನನ್ನವ್ವ! ಇವ ಮರಾಠಿ ಯಾವಾಗ ಕಲ್ತ?" ಎದ್ದು ನಿಂತು ಕೂಗಿದರು: "ಏ ಮಾಲಕಾ! ಇಂಟರ್ವಲ್‌ದಾಗ ಈ ಹೀರೋ ಮೀರಜಕ್ಕ ಹೋಗಿ ಬಂದಾನೇನೋ?"

ಇಡೀ ಟೆಂಟಿಗೆ ಆಗಲೇ ಗೊತ್ತಾದದ್ದು! ಆ ಸಿನಿಮಾ ಕನ್ನಡದಲ್ಲೂ ಮರಾಠಿಯಲ್ಲೂ ಒಟ್ಟಿಗೇ ತೆಗೆದದ್ದಂತೆ. ಹುಬ್ಬಳ್ಳಿಯಿಂದ ಬಂದ ಕನ್ನಡದ ರೀಲಿನ ಡಬ್ಬಿ ಅರ್ಧ, ಮೀರಜದಿಂದ ಬಂದ ಮರಾಠಿಯದು ಅರ್ಧ, ಕಲಸಿಹೋಗಿತ್ತು. ಎರಡೂ ಭಾಷೆಯಲ್ಲಿ ಬದುಕುವ ಈ ಜನಕ್ಕೆ ಇಪ್ಪತ್ತು ನಿಮಿಷ ಅದು ಕಿವಿಗೇ ತಾಗಲಿಲ್ಲ. ನಮ್ಮೂರಲ್ಲಾಗಿದ್ದರೆ ಮೊದಲ ಮಾತಿಗೇ ಕುರ್ಚಿ ಮುರಿಯುತ್ತಿದ್ದರು.

ಮಾಲೀಕ ಮಷೀನು ನಿಲ್ಲಿಸಿ ಮುಂದೆ ಬಂದ. "ಡಬ್ಬಿ ಅದಲಾಬದಲಿ ಆಗ್ಯಾವ್ರಿ. ಯಾರಿಗೆ ತಿಳಿಯಂಗಿಲ್ಲ, ಕೈ ಎತ್ರಿ."

ಎತ್ತಿದೆ. ಅಷ್ಟು ಜನರಲ್ಲಿ ನನ್ನದೊಂದೇ ಕೈ. ಊರು ಬಿಟ್ಟು ಬಂದದ್ದು ಎಂದರೆ ಏನು ಎಂದು ರೈಲಿನಲ್ಲೂ ಅಷ್ಟು ಗೊತ್ತಾಗಿರಲಿಲ್ಲ.

"ಒಬ್ಬಾಕಿ ಸಲುವಾಗಿ ಪಿಚ್ಚರ್ ನಿಲ್ಲಿಸಬ್ಯಾಡೋ," ಎಂದು ಆಯಿ ನನ್ನ ಕೈ ಹಿಡಿದು ಕೆಳಗಿಳಿಸಿದರು. "ಆಕಿ ನಮ್ಮಾಕಿ. ನಾ ಹೇಳ್ತೀನಿ ಆಕಿಗೆ."

ಆಯಿ ಹೇಳತೊಡಗಿದರು. ಹಿಂದಿನ ಹೆಂಗಸು ತಿದ್ದಿದಳು. ಎಡಗಡೆಯವಳು ಇಬ್ಬರದೂ ತಪ್ಪು ಎಂದಳು. ಒಂದೇ ಸಿನಿಮಾಕ್ಕೆ ಮೂರು ಕಥೆ, ಮೂರೂ ತೆರೆಯ ಮೇಲಿದ್ದದ್ದಕ್ಕಿಂತ ಚೆನ್ನಾಗಿದ್ದವು. ನನಗೇ ಗೊತ್ತಿಲ್ಲದೆ ನಕ್ಕೆ.

ಆಮೇಲೆ ನಾಯಕನ ತಾಯಿ ಮಂಚದ ಮೇಲೆ ಕಣ್ಣು ಮುಚ್ಚಿದಳು. ಅವನು ಎದೆ ಬಡಿದುಕೊಂಡು ಅಳತೊಡಗಿದ.

"ಸತ್ತುಹೋದಳಾ ಆಯಿ?"

ಆಯಿ ನನ್ನ ಮುಖ ನೋಡಿದರು. "ಇಲ್ಲ ಬೇ. ಮಲಗ್ಯಾಳ. ಜ್ವರಾ ಬಂದಾವ, ಇಳೀತಾವ."

"ಮತ್ತೆ ಇವನ್ಯಾಕೆ ಇಷ್ಟು ಅಳ್ತಾನೆ?"

"ಗಂಡಸರು. ಅವ್ವ ಒಂದಿನಾ ಮಲಗಿದ್ರ ಹಂಗಾ."

ತಿದ್ದುತ್ತಿದ್ದ ಇಬ್ಬರೂ ಈ ಸಲ ತುಟಿ ಬಿಚ್ಚಲಿಲ್ಲ. ನೋಡಿದರೆ ಆ ತಾಯಿಯ ಹೊಟ್ಟೆ ಏರಿಳಿಯುತ್ತಲೇ ಇತ್ತು, ರೆಪ್ಪೆಯೂ ಅದುರುತ್ತಿತ್ತು. ಮುಂದಿನ ಸೀನಿನಲ್ಲಿ ಅವಳ ಫೋಟೋಕ್ಕೆ ಹಾರ ಹಾಕಿದ್ದರು. "ಊರಾಗ ಸನ್ಮಾನ ಮಾಡ್ಯಾರ," ಎಂದರು ಆಯಿ. ಹುಲಿಗೆ ಬೂಟು ಇರುವ ಸಿನಿಮಾದಲ್ಲಿ ಸನ್ಮಾನ ಏಕಿರಬಾರದು? ನಂಬಿದೆ. ನಂಬಿಕೊಂಡೇ ಆ ರಾತ್ರಿ ನಿದ್ದೆ ಮಾಡಿದೆ. ನಾಲ್ಕನೇ ದಿನ ಜ್ವರ ಇಳಿಯಿತೆಂದು ಪತ್ರ ಬಂತು.

ಸಿನಿಮಾದ ಮರುದಿನ ಬೆಳಗ್ಗೆ ಸ್ನಾನ, ಬಸದಿ ಮುಗಿಸಿ ಬಂದ ಆಯಿ ಶೇಂಗಾ ಪೊಟ್ಟಣ ಬಿಚ್ಚಿ, ಒಂದೊಂದೇ ಸುಲಿಯುತ್ತ ಇಡೀ ಸಿನಿಮಾ ಮತ್ತೆ ಹೇಳಿದರು. ಹುಲಿ ಬರುವಲ್ಲಿ ಲಟ್ಟಣಿಗೆ ನೆಲಕ್ಕೆ ಕುಟ್ಟಿ ಬೂಟಿನ ಸದ್ದು ಮಾಡಿದರು. ಈ ಒಂದು ವರ್ಷದಲ್ಲಿ ಎಷ್ಟು ಕೆಟ್ಟ ಸಿನಿಮಾ ನೋಡಿದೆವೋ ಲೆಕ್ಕವಿಲ್ಲ. ಒಳ್ಳೆಯದು ಬಂದರೆ ಆಯಿಗೆ ಬೇಸರ. "ಅವರೇ ಎಲ್ಲಾ ಮಾಡಿ ಮುಗಿಸ್ಯಾರ, ನಾ ಏನ ಮಾಡ್ಲಿ?" ನೋಟ್‌ಬುಕ್ಕು ತುಂಬಿಸಿದ ನಮಗೆ ಇದು ಯಾಕೆ ಹೊಳೆಯಲಿಲ್ಲವೋ.

ದೀಪಾವಳಿಗೆ ನಾನು ಊರಿಗೆ ಬಂದಾಗ ಆದದ್ದು ನಿಮ್ಮಲ್ಲಿ ಶೈಲಜಾಗೆ ನೆನಪಿರುತ್ತದೆ. ನಮ್ಮ ಟಾಕೀಸು, ನಮ್ಮ ಮೂರನೇ ಸಾಲು. ಎರಡು ಗುಂಡು ತಿಂದ ಖಳನಾಯಕ ಸಾಯುವ ಮುಂಚೆ ಮೀಸೆ ಸರಿಮಾಡಿಕೊಂಡ. "ಲೇ, ಕನ್ನಡಿ ಕೊಡ್ಲೇನಲೇ?" ಎಂದು ಕೂಗಿದೆ. ಟಾಕೀಸಿಗೆ ಟಾಕೀಸೇ ತಿರುಗಿ ನೋಡಿತು. ಯಾರೋ "ಶ್!" ಎಂದರು. "ನಿಂಗೇನಾಗಿದೆಯೇ?" ಎಂದು ಶೈಲಜಾ ತೊಡೆ ಚಿವುಟಿದಳು. ಪಕ್ಕಕ್ಕೆ ತಿರುಗಿದೆ. ಶೇಂಗಾ ಕಟ್ಟಿದ ಉಡಿ ಅಲ್ಲಿರಲಿಲ್ಲ. ನನ್ನೂರಿನಲ್ಲಿ ಕೂತು ಊರು ನೆನಪಾಗುವುದು ಎಂದರೆ ಹೇಗೆ ಹೇಳಲಿ?

ಮೊನ್ನೆ ಶನಿವಾರ ಹುಲಿ ಮತ್ತೆ ಬಂದಿತ್ತು. ಮಳೆ ಹತ್ತಿರವಾಯಿತು, ಟೆಂಟು ಕೀಳುವ ಮುಂಚಿನ ಕೊನೆಯ ಆಟ. ಹೋದ ವರ್ಷದ ಹಾಗೆಯೇ ಅರ್ಧ ಹುಬ್ಬಳ್ಳಿಯದು, ಅರ್ಧ ಮೀರಜದ್ದು ಬೇಕೆಂದು ಜನ ಹಟ ಹಿಡಿದು ತರಿಸಿದ್ದರು. ಈ ಸಲ ನಾನು ಕೈ ಎತ್ತಬೇಕಾಗಿರಲಿಲ್ಲ. ಸಂತೆ, ಬಸ್ಸು, ಓಣಿ ಸೇರಿ ನನಗೆ ಮರಾಠಿ ಕಲಿಸಿವೆ. ಮಂಚದ ಸೀನು ಬಂತು. ನಾಯಕ ಅತ್ತ: "ಆಯೀ, ಮಲಾ ಸೋಡೂನ್ ಜಾಊ ನಕೋಸ್!" ಅಮ್ಮಾ, ನನ್ನ ಬಿಟ್ಟು ಹೋಗಬೇಡ. ವೈದ್ಯ ತಲೆ ಅಲ್ಲಾಡಿಸಿ ಎಲ್ಲ ಮುಗಿಯಿತು ಎಂದ. ಟೆಂಟು ನಗುತ್ತಿತ್ತು, ಹೆಣದ ಹೊಟ್ಟೆ ಏರಿಳಿಯುತ್ತಿತ್ತು. ನನಗೆ ನಗಲಾಗಲಿಲ್ಲ.

ಹಿಂದಿರುಗುವಾಗ ಹೇಳಿದೆ: "ಆಯಿ, ಆ ಅವ್ವ ಸತ್ತಿದ್ಲು."

"ಹೌದು."

"ಅವತ್ತು ಯಾಕೆ ಸುಳ್ಳು ಹೇಳಿದ್ರಿ?"

"ಹೌದಿನ ಹಿಂದ ನಿಂತು ನೀ ಅಳೂದು ನಾ ನೋಡಿದ್ನಿ. ನಿನ್ನ ಅವ್ವಗ ಜ್ವರಾ ಇದ್ವು. ಅವನ ಅವ್ವನ್ನ ನಾ ಹ್ಯಾಂಗ ಕೊಲ್ಲಲಿ?" ಸ್ವಲ್ಪ ದೂರ ನಡೆದು ಮತ್ತೆ ಹೇಳಿದರು: "ಆಕಿ ಉಸಿರಾಡಾಕತ್ತಿದ್ದಳಲ್ಲ, ಪೂರಾ ಸುಳ್ಳೇನ ಅಲ್ಲ."

ನನ್ನ ವರ್ಗದ ಆದೇಶ ಬಂದಿದೆ ಎಂದು ಆಗ ಹೇಳಿದೆ. ಮೂರು ದಿನದಿಂದ ಚೀಲದಲ್ಲೇ ಇತ್ತು. ಆಯಿ ಉಡಿ ಬಿಚ್ಚಿ ಶೇಂಗಾ ಪೊಟ್ಟಣವನ್ನು ನನ್ನ ಕೈಗಿಟ್ಟರು. "ಹೋಗು. ಅವ್ವ ದಾರಿ ಕಾಯ್ತಿರ‍್ತಾಳ," ಎಂದರು.

ಇದನ್ನು ಮುಗಿಸಿ ನನ್ನನ್ನು ಇಲ್ಲಿಂದ ಬಿಡುಗಡೆ ಮಾಡುವ ಕಾಗದವನ್ನು ನಾನೇ ಟೈಪ್ ಮಾಡಬೇಕು; ಬೇರೆ ಟೈಪಿಸ್ಟ್ ಇಲ್ಲ. ಒಂದೇ ಸಾಲಿನದು, ಎರಡು ಸಲ ತಪ್ಪಿ ಹಾಳೆ ಕಿತ್ತಿದ್ದೇನೆ.

ಪೊಟ್ಟಣ ಇನ್ನೂ ಬಿಚ್ಚಿಲ್ಲ. ನಾನು ಹೋಗುವ ರೈಲು ಉಗಾರ ಬಿಡುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆ, ತಿನ್ನುವ ಹಾಗಿಲ್ಲ. ಎಲ್ಲಿ ಬೆಳಗಾಗುತ್ತದೋ ಅಲ್ಲಿ ಬಿಚ್ಚುತ್ತೇನೆ. ಎದುರು ಸೀಟಿನಲ್ಲಿ ಯಾರೇ ಇರಲಿ, ಒಂದೊಂದೇ ಸುಲಿಯುತ್ತ, ಬೂಟು ಹಾಕಿದ ಹುಲಿಯ ಕಥೆಯನ್ನು ಮೊದಲಿಂದ ಹೇಳುತ್ತೇನೆ. ನನ್ನ ಕಥೆಯಲ್ಲೂ ಆ ಅವ್ವ ಸಾಯುವುದಿಲ್ಲ.