ಏರ್‌ಫೋರ್ಸ್ ಮೈಲಾರಪ್ಪ ಹೇಳಿದ ಕಾರಣ

ನನ್ನ ಗಂಡನನ್ನು ಲಕ್ಷ್ಮೇಶ್ವರದಲ್ಲಿ ಏರ್‌ಫೋರ್ಸ್ ಮೈಲಾರಪ್ಪ ಎಂದೇ ಕರೆಯುತ್ತಾರೆ. ಬರೀ ಮೈಲಾರಪ್ಪ ಎಂದು ಕೂಗಿದರೆ ಬಜಾರದಲ್ಲಿ ಮೂರು ಮಂದಿ ತಿರುಗಿ ನೋಡಿಯಾರು, ಏರ್‌ಫೋರ್ಸ್ ಸೇರಿಸಿದರೆ ಇವರೊಬ್ಬರೇ. ಹದಿನೇಳು ವರ್ಷ ವಾಯುಪಡೆಯಲ್ಲಿ ಇದ್ದದ್ದು ಖರೆ. ಅಲ್ಲಿ ಮಾಡಿದ್ದು ಅಡುಗೆ. ಮೆಸ್ಸಿನಲ್ಲಿ ಬೆಳಿಗ್ಗೆ ಪೂರಿ, ಮಧ್ಯಾಹ್ನ ರಾಜ್ಮಾ, ಸಂಜೆಗೆ ಚಪಾತಿ. ವಿಮಾನವನ್ನು ಅವರು ಕಂಡದ್ದು ಅಡುಗೆಮನೆಯ ಕಿಟಕಿಯಿಂದ. ಅಡುಗೆ ಮಾಡುವುದೇನೂ ಹೀನ ಕೆಲಸವಲ್ಲ, ಊರಿಗೆ ಬಂದು ಅದನ್ನು ಮುಚ್ಚಿಟ್ಟದ್ದು ಹೀನ. ಈ ಗುಟ್ಟು ಊರಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೆ, ಮತ್ತು ನಾನು ಇಪ್ಪತ್ತೆಂಟು ವರ್ಷ ಬಾಯಿಗೆ ಬೀಗ ಹಾಕಿಕೊಂಡು ಕೂತೆ. ಆದ್ದರಿಂದ ನಾನಿಲ್ಲಿ ಬೈಯುವುದೆಲ್ಲ ಅವರಿಗೇ ಎಂದು ತಿಳಿಯಬೇಡಿ. ಅರ್ಧ ನನ್ನ ಪಾಲಿನದು.

ಒಂದು ಮಾತು ಅವರ ಪರವಾಗಿ ಹೇಳಬೇಕು. ತಾನು ವಿಮಾನ ಹಾರಿಸಿದೆ ಎಂದು ಅವರು ಯಾವತ್ತೂ ಬಾಯಿಬಿಟ್ಟು ಹೇಳಿದವರಲ್ಲ. ಯಾರಾದರೂ ಕೇಳಿದರೆ ಗಂಟಲು ಸರಿಮಾಡಿಕೊಂಡು, ಆ ಕಾಲದ ಡ್ಯೂಟಿಯೇ ಬೇರೆ ಅನ್ನುತ್ತಿದ್ದರು. ಉಳಿದದ್ದನ್ನು ಬಜಾರವೇ ಸೇರಿಸಿಕೊಂಡಿತು. ಆಮೇಲೆ ಬ್ಯಾಂಕಿನ ಬಾಗಿಲಲ್ಲಿ ಗಾರ್ಡ್ ಆಗಿ ನಿಂತಾಗಲೂ ಜನ ಸಾಹೇಬರೇ ಎಂದರು. ಆಕಾಶದಲ್ಲಿ ಏನು ಹೋದರೂ ಇವರನ್ನು ಕೇಳುವುದು, ಇವರು ಹೇಳುವುದು. ಗೊತ್ತಿಲ್ಲ ಎಂಬ ಒಂದು ಮಾತು ಮಾತ್ರ ಅವರ ಬಾಯಲ್ಲಿ ಬರುತ್ತಿರಲಿಲ್ಲ. ಮನೆಯಲ್ಲಂತೂ ಒಂದು ಉಳ್ಳಾಗಡ್ಡಿ ಹೆಚ್ಚಲಿಲ್ಲ. ನಾನು ಜ್ವರ ಬಂದು ಮಲಗಿದರೆ ಖಾನಾವಳಿಯಿಂದ ಊಟ ತರುತ್ತಿದ್ದರು, ಎಲ್ಲಿ ಚಪಾತಿ ದುಂಡಗೆ ಬಂದು ನೆರೆಯವರಿಗೆ ಸಂಶಯ ಬಂದೀತೋ ಎಂದು. ನಾನೇನು ಕಡಿಮೆಯವಳೇ? ನಾನು ಕಲಿಸುತ್ತಿದ್ದ ಶಾಲೆಯಲ್ಲಿ ಜನವರಿ ಇಪ್ಪತ್ತಾರಕ್ಕೆ ಧ್ವಜ ಹಾರಿಸಲು ಇವರನ್ನೇ ಕರೆಸಿ, ಮಕ್ಕಳ ಮುಂದೆ ವಿಮಾನದ ಅನುಭವ ಇದ್ದವರು ಎಂದು ನಾನೇ ಪರಿಚಯ ಮಾಡಿಕೊಟ್ಟಿದ್ದೇನೆ. ಹೇಳುವಾಗ ಎದೆ ಉಬ್ಬಿತ್ತು, ಸುಳ್ಳು ಯಾಕೆ ಹೇಳಲಿ.

ಆ ಮಕ್ಕಳಲ್ಲಿ ಅಮೀರಾ ಒಬ್ಬಳು. ಬೋರ್‌ವೆಲ್ಲಿನ ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುವ ಲಾಡಸಾಬನ ಮಗಳು. ಲಾಡಸಾಬನ ಅಂಗಡಿ ನಮ್ಮ ಓಣಿಯ ತುದಿಯಲ್ಲೇ, ಮನೆ ಅದರ ಹಿಂದೆ. ನಮ್ಮವರಿಗೂ ಅವನಿಗೂ ದಿನ ಬೆಳಗಾದರೆ ಒಟ್ಟಿಗೆ ಚಹಾ ಕುಡಿಯದಿದ್ದರೆ ಸಮಾಧಾನವಿಲ್ಲ. ಹುಡುಗಿ ನನ್ನ ಕೈಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದಳು, ಲೆಕ್ಕದಲ್ಲಿ ಚುರುಕು, ಅಪ್ಪನ ಸ್ಪಾನರ್ ಹಿಡಿದು ಕೂರುವವಳು. ದೊಡ್ಡವಳಾಗಿ, ವಿದ್ಯಾರ್ಥಿವೇತನ ಗಿಟ್ಟಿಸಿ, ಉತ್ತರದ ಕಡೆಯ ಒಂದು ವಿಮಾನ ತರಬೇತಿ ಶಾಲೆಗೆ ಸೇರಿದಾಗ ಲಾಡಸಾಬ ಮೊದಲು ಪೇಢೆ ತಂದುಕೊಟ್ಟದ್ದು ನಮ್ಮವರಿಗೆ. ನಿಮ್ಮನ್ನು ನೋಡಿಯೇ ಅವಳಿಗೆ ಈ ಹುಚ್ಚು ಹತ್ತಿತು ಎಂದ.

ಹೋದ ವರ್ಷ ರಮಜಾನಿಗೆ ರಜೆಯ ಮೇಲೆ ಬಂದಿದ್ದಳು. ಹಬ್ಬದ ಪಾಯಸ ಸುರಕುಂಬಾ ಕೊಡಲು ಮನೆಗೆ ಬಂದವಳನ್ನು ಕೂರಿಸಿಕೊಂಡು ಇವರು ವಿಮಾನ ಇಳಿಸುವುದು ಹೇಗೆ ಎಂದು ಶುರುಮಾಡಿದರು. ಕಲಿಯುತ್ತಿರುವವಳ ಮುಂದೆಯೇ! ಇವರು ಏನೋ ಒಂದು ತಪ್ಪು ಹೇಳಿರಬೇಕು, ಅವಳ ಹುಬ್ಬು ಸಣ್ಣಗೆ ಮೇಲೇರಿತು. ನನ್ನ ಮುಖ ನೋಡಿದಳು. ನನ್ನ ಮುಖ ಏನು ಹೇಳಿತೋ, ಅವಳಿಗೆ ಎಲ್ಲ ತಿಳಿದುಹೋಯಿತು. ನಕ್ಕು, “ಕಾಕಾರ ಕಾಲದಾಗ ಬ್ಯಾರೆ ಇತ್ತು ಕಾಣ್ತೈತ್ರಿ,” ಎಂದಳು. ಅಪ್ಪನಿಗೂ ಹೇಳಲಿಲ್ಲ, ಯಾರಿಗೂ ಹೇಳಲಿಲ್ಲ. ಇಪ್ಪತ್ತೆರಡು ವರ್ಷದ ಹುಡುಗಿ ನಮ್ಮ ಮಾನ ಕಾಯ್ದಳು.

ಈ ವರ್ಷ ಫೆಬ್ರುವರಿಯಲ್ಲಿ ಒಂದು ದಿನ ಬೆಳಿಗ್ಗೆ ಟಿ.ವಿ.ಯಲ್ಲಿ ಸುದ್ದಿ ಬಂತು. ಎರಡು ತರಬೇತಿ ವಿಮಾನಗಳು ಆಕಾಶದಲ್ಲೇ ಒಂದಕ್ಕೊಂದು ಢಿಕ್ಕಿ ಹೊಡೆದಿವೆ. ಒಂದೊಂದರಲ್ಲಿ ಒಬ್ಬೊಬ್ಬರೇ ಕಲಿಯುವವರು, ಒಬ್ಬ ಹುಡುಗಿ, ಒಬ್ಬ ಹುಡುಗ, ಇಬ್ಬರೂ ಉಳಿದಿಲ್ಲ. ಹೆಸರು, ಶಾಲೆ ಇನ್ನೂ ಹೇಳಿರಲಿಲ್ಲ. ಹೊಗೆ ಏಳುತ್ತಿದ್ದ ಹೊಲವೊಂದನ್ನೇ ಮತ್ತೆ ಮತ್ತೆ ತೋರಿಸುತ್ತಿದ್ದರು. ಸೋಮೇಶ್ವರ ಗುಡಿಯ ಕಡೆಯ ಹೋಟೆಲಿನಲ್ಲಿ ನಮ್ಮವರು ಮಿರ್ಚಿ ಭಜಿ ತಿನ್ನುತ್ತ ಕೂತಿದ್ದರಂತೆ. ಸುತ್ತ ಹತ್ತು ಮಂದಿ. ಒಬ್ಬ ಮಂಜು ಮುಸುಕಿತ್ತು ಅಂದ, ಒಬ್ಬ ಮೊಬೈಲ್ ನೋಡುತ್ತಿದ್ದಿರಬೇಕು ಅಂದ, ಇನ್ನೊಬ್ಬ ಇದು ಹೊರಗಿನವರ ಕೈವಾಡ ಅಂದ. ಕೊನೆಗೆ ಎಲ್ಲರೂ ಇವರ ಕಡೆ ತಿರುಗಿದರು, ನೀವು ಹೇಳಿರಿ ಸಾಹೇಬರೇ ಎಂದು.

ಗೊತ್ತಿಲ್ಲ ಅನ್ನಬಹುದಿತ್ತು. ಹೇಳುವುದಕ್ಕೆ ಅರ್ಧ ನಿಮಿಷ ಬೇಡ. ಇವರು ತಾಟಿನಿಂದ ಎರಡು ಮಿರ್ಚಿ ಎತ್ತಿಕೊಂಡರು. ಒಂದು ಎಡಗೈಯಲ್ಲಿ, ಒಂದು ಬಲಗೈಯಲ್ಲಿ. ಎದುರುಬದುರು ಬಂದಾಗ ಇಬ್ಬರೂ ತಮ್ಮ ತಮ್ಮ ಬಲಕ್ಕೆ ತಿರುಗಬೇಕು, ಅದು ಕಾಯ್ದೆ ಎಂದರು. ಆ ಕಾಯ್ದೆಯನ್ನು ಮೆಸ್ಸಿನಲ್ಲಿ ಪೂರಿ ಬಡಿಸುವಾಗ ಪೈಲಟ್‌ಗಳ ಬಾಯಲ್ಲಿ ಕೇಳಿದ್ದರು. ಹುಡುಗ ಬಲಕ್ಕೆ ತಿರುಗಿದ, ಹುಡುಗಿ ಗಾಬರಿಯಾಗಿ ಎಡಕ್ಕೆ ತಿರುಗಿದಳು, ಕತೆ ಮುಗಿಯಿತು, ತಪ್ಪೆಲ್ಲ ಹುಡುಗಿಯದು ಎಂದು ಎರಡು ಮಿರ್ಚಿಗಳನ್ನು ಒಂದಕ್ಕೊಂದು ತಾಗಿಸಿ ತೋರಿಸಿದರು. ಯಾರು ಎಡಕ್ಕೆ ಹೋದರು, ಯಾರು ಬಲಕ್ಕೆ ಹೋದರು ಎಂದು ಕಂಡವರಂತೆ! ತೋರಿಸಿ ಆದ ಮೇಲೆ ಹುಡುಗಿಯ ಮಿರ್ಚಿಯನ್ನು ಬಾಯಿಗೆ ಹಾಕಿಕೊಂಡರು. ಇದನ್ನು ನಾನು ಕಟ್ಟಿ ಹೇಳುತ್ತಿಲ್ಲ. ಬಟ್ಟೆ ಅಂಗಡಿಯ ಹನಮಂತ ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿದಿದ್ದ, ಅಗಿಯುವುದೂ ಅದರಲ್ಲಿದೆ.

ಮಧ್ಯಾಹ್ನಕ್ಕೆ ಹೆಸರು ಬಂತು. ಅಮೀರಾ.

ಲಾಡಸಾಬನ ಮನೆಯ ಮುಂದೆ ಜನ ಸೇರುತ್ತಿದ್ದ ಹೊತ್ತಿಗೆ ಆ ವಿಡಿಯೋ ಗದಗ ಬೆಟಗೇರಿ ಮುಟ್ಟಿ, ಶಿರಹಟ್ಟಿ, ಮುಂಡರಗಿಯ ಗುಂಪುಗಳನ್ನೆಲ್ಲ ಸುತ್ತಿ ನನ್ನ ಮೊಬೈಲಿಗೇ ಬಂದು ಬಿದ್ದಿತ್ತು. ನಿವೃತ್ತ ವಾಯುಪಡೆ ಅಧಿಕಾರಿ ಹೇಳಿದ ನಿಜ ಕಾರಣ ಎಂದು ಮೇಲೆ ಬರೆದಿದ್ದರು. ಅಧಿಕಾರಿ ಅಂತೆ, ಸುಡಲಿ. ಸಂಜೆಯಾಗುವುದರಲ್ಲಿ ಅದರ ಜೊತೆ ಅಮೀರಾಳ ಫೋಟೊ ಸೇರಿತು, ಮುಖದ ಸುತ್ತ ಕೆಂಪು ಗೆರೆ. ಕೆಳಗೆ ಅವಳ ಬಗ್ಗೆ, ಅವಳ ಜಾತಿ ಮತದ ಬಗ್ಗೆ ಬರೆದದ್ದನ್ನು ನನ್ನ ಕೈಯಿಂದ ಬರೆಯಲಾರೆ. ಇವೆಲ್ಲ ನಾನು ಹೇಳಿದ್ದಲ್ಲ ಎಂದು ನಮ್ಮವರು ಅಂದರು. ಹೌದು, ಇವರು ಹೇಳಿರಲಿಲ್ಲ. ಇವರ ಮಾತು ಹಿಡಿದುಕೊಂಡೇ ಮಂದಿ ಅಲ್ಲಿಗೆ ಹೋದದ್ದು. ಹೋಗಿ ಅದೆಲ್ಲ ಸುಳ್ಳು ಎಂದು ಹೇಳಿಬನ್ನಿ ಎಂದೆ. ಮಂದಿಯೆಲ್ಲ ನೋಡಿ ಆಗಿದೆ, ಈಗ ಹೇಗೆ ಹೇಳಲಿ ಎಂದು ಗೋಡೆಯ ಕಡೆ ಮುಖ ಮಾಡಿ ಮಲಗಿದರು. ನಾನೂ ಅಷ್ಟಕ್ಕೇ ಬಿಟ್ಟೆ.

ಮಣ್ಣಾದ ಮರುದಿನ ಮಾತಾಡಿಸಲು ಹೋದೆವು. ಹೊರಗೆ ಚಾಪೆಯ ಮೇಲೆ ಗಂಡಸರು, ಒಳಗೆ ಹೆಂಗಸರು. ನಾನು ಅಮೀರಾಳ ತಾಯಿ ಖಾತುನಬಿಯ ಪಕ್ಕ ಕೂತು ಆಕೆಯ ಕೈ ಹಿಡಿದುಕೊಂಡಿದ್ದೆ. ಅತ್ತು ಅತ್ತು ಆಕೆಯ ದನಿ ಬಿದ್ದುಹೋಗಿತ್ತು. ಬಾಗಿಲು ತೆರೆದೇ ಇತ್ತು, ಹೊರಗಿನ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು. ಲಾಡಸಾಬ ಸುತ್ತಿ ಬಳಸಿ ಮಾತಾಡುವವನಲ್ಲ.

“ಮೈಲಾರಪ್ಪಣ್ಣ, ಮಂದಿ ಮಾತು ನಾ ಕೇಳಂಗಿಲ್ಲ. ನೀ ಅದರಾಗ ಇದ್ದಾವ. ನೀ ಹೇಳು, ನನ್ನ ಮಗಳದ ತಪ್ಪೇನು?”

ದೇವರೇ, ಈಗಲಾದರೂ ಇವರ ಬಾಯಲ್ಲಿ ಖರೆ ಮಾತು ಬರಲಿ ಎಂದುಕೊಂಡೆ. ಚಾಪೆಯ ಮೇಲೆ ವಿಡಿಯೋ ನೋಡಿದ ಎಂಟು ಜನ ಇದ್ದರು, ಅವರೆಲ್ಲರ ಕಣ್ಣು ಇವರ ಮೇಲೆ. ನಮ್ಮವರು ನೆಲ ನೋಡುತ್ತ, “ಹಂಗ ಕಾಣ್ತೈತಿ, ಲಾಡಸಾಬ,” ಎಂದರು. ಖಾತುನಬಿ ನನ್ನ ಕೈಯಿಂದ ತನ್ನ ಕೈ ಬಿಡಿಸಿಕೊಂಡು ಸೆರಗಿನೊಳಗೆ ಇಟ್ಟುಕೊಂಡಳು. ಎದ್ದು ಹೋಗಿ ಇವರ ಬಾಯಿ ಮುಚ್ಚಿಸಬೇಕಿತ್ತು ನಾನು. ಆತ ಅಡುಗೆಯವನು, ಆತನಿಗೇನು ಗೊತ್ತು ಎಂದು ಅಲ್ಲೇ ಕೂಗಬೇಕಿತ್ತು. ಧ್ವಜದ ಮುಂದೆ ನಿಂತು ಮಾಡಿಕೊಟ್ಟ ಪರಿಚಯ ನೆನಪಾಗಿ ನಾಲಿಗೆ ಏಳಲಿಲ್ಲ. ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು, ಆದರೂ ನೆರೆಯವರು ತಂದುಕೊಟ್ಟ ಚಹಾ ಕುಡಿದೇ ಎದ್ದು ಬಂದೆ.

ಆಮೇಲೆ ಹದಿನೈದು ದಿನ ಇವರು ಹೊರಗೆ ಬೀಳಲಿಲ್ಲ. ನಾನೂ ಆ ಕಡೆ ಹೋಗಲಿಲ್ಲ. ಒಂದು ಮುಂಜಾನೆ ಹಾಲು ತರಲು ಹೋದಾಗ ಲಾಡಸಾಬ ಅಂಗಡಿಯ ಬಾಗಿಲು ತೆಗೆಯುತ್ತಿದ್ದ. ಗಡ್ಡ ಬೆಳೆದು, ಕಣ್ಣು ಗುಳಿಬಿದ್ದು, ಗುರುತು ಹತ್ತುವಂತಿರಲಿಲ್ಲ. ನಾಲ್ಕು ದಿನ ಅಂಗಡಿ ಮುಚ್ಚಿತ್ತಲ್ಲ, ಎಲ್ಲಿ ಹೋಗಿದ್ದಿ ಎಂದು ಕೇಳಿದೆ. ಸೊಲ್ಲಾಪುರಕ್ಕೆ ಎಂದ.

ಇನ್ನೊಂದು ವಿಮಾನದ ಹುಡುಗ ಸೊಲ್ಲಾಪುರದವನು. ಲಾಡಸಾಬ ವಿಳಾಸ ಹುಡುಕಿಸಿಕೊಂಡು, ಗದಗಿನಲ್ಲಿ ರೈಲು ಹತ್ತಿ ಅವರ ಮನೆಗೆ ಹೋಗಿಬಂದಿದ್ದ. ಸಾವಿನ ಮನೆಗೆ ನಮ್ಮ ಕಡೆ ಬರಿಗೈಯಲ್ಲಿ ಹೋಗುವುದಿಲ್ಲ. ಅವರ ಮನೆಯಲ್ಲಿ ಒಲೆ ಹತ್ತಿರುವುದಿಲ್ಲ ಎಂದು ಬುತ್ತಿ ಕಟ್ಟಿಕೊಂಡು ಹೋಗುತ್ತೇವೆ. ಆದರೆ ತಾನೇ ಸಾವಿನ ಮನೆಯವನಾದವನು ಇನ್ನೊಂದು ಸಾವಿನ ಮನೆಗೆ ಬುತ್ತಿ ಒಯ್ದದ್ದನ್ನು ನಾನು ಕೇಳಿರಲಿಲ್ಲ. ಖಾತುನಬಿ ಕೂತು ಮೂವತ್ತು ರೊಟ್ಟಿ ಬಡಿದಿದ್ದಳಂತೆ, ಝುಣಕ ಮಾಡಿ, ಶೇಂಗಾ ಚಟ್ನಿ ಕುಟ್ಟಿ, ಬಿಳಿ ಅರಿವೆಯಲ್ಲಿ ಕಟ್ಟಿಕೊಟ್ಟಿದ್ದಳಂತೆ. ಅವನು ಅದನ್ನು ಆ ಹುಡುಗನ ತಾಯಿಯ ಮುಂದಿಟ್ಟು, ಹೊಸ್ತಿಲ ಹೊರಗೇ ಕೂತು, ತಪ್ಪು ನನ್ನ ಮಗಳದು, ನಿಮ್ಮ ಮಗನದಲ್ಲ, ಮಾಫ್ ಮಾಡಿರಿ ಎಂದು ಹಣೆ ನೆಲಕ್ಕೆ ಹಚ್ಚಿದ್ದ. ಆ ತಾಯಿ ಬುತ್ತಿಯನ್ನು ಒಳಗೆ ತೆಗೆದುಕೊಂಡಳು.

“ಮೈಲಾರಪ್ಪಣ್ಣ ಹೇಳಿದ್ದಿಲ್ಲಂದ್ರ ನನಗ ತಿಳೀತಿದ್ದಿಲ್ರಿ ಅಕ್ಕೋರ,” ಎಂದ ಲಾಡಸಾಬ. “ಗೆಳೆತನ ನೋಡಲಾರದ ಖರೆ ಹೇಳಿದ. ಅವನ ಉಪಕಾರ ದೊಡ್ಡದೈತ್ರಿ.”

ಹಾಲು ತರಲಿಲ್ಲ. ತಿರುಗಿ ಮನೆಗೆ ಬಂದೆ. ಇವರು ಪೇಪರ್ ಹಿಡಿದು ಕೂತಿದ್ದರು. ಕಿತ್ತು ಎಸೆದೆ. ಮೂವತ್ತಾರು ವರ್ಷದ ಸಂಸಾರದಲ್ಲಿ ಬೈಯದ ಬೈಗುಳವನ್ನೆಲ್ಲ ಬೈದೆ, ಕೊನೆಗೆ ನನ್ನನ್ನೂ ಬೈದುಕೊಂಡೆ. ಸೊಲ್ಲಾಪುರದ ಸಂಗತಿ ಕೇಳಿ ಇವರ ಮುಖ ಸುಣ್ಣದಂತಾಯಿತು. ನೀನೇ ಹೋಗಿ ಹೇಳಿ ಬಾ ಎಂದರು. “ನಾ ಯಾಕ ಹೇಳ್ಲಿ? ಮಿರ್ಚಿ ತಿಂದಾವ್ರು ನೀವು. ಏಳ್ರಿ, ಅಂಗಿ ಹಾಕ್ಕೊಳ್ರಿ,” ಎಂದೆ. ಅಂಗಿಯ ಗುಂಡಿ ತಪ್ಪು ಕಾಜಕ್ಕೆ ಹಾಕಿಕೊಂಡರು, ನಾನು ಸರಿಮಾಡಲಿಲ್ಲ. ಓಣಿಯಲ್ಲಿ ನಡೆಯುವಾಗ ಇಬ್ಬರು ನಿಂತು ನಮಸ್ಕಾರ ಸಾಹೇಬರೇ ಎಂದರು. ಇವರು ತಲೆ ಎತ್ತಲಿಲ್ಲ.

ಲಾಡಸಾಬ ಅಂಗಡಿ ಬಿಟ್ಟು ಹಿಂದಿನ ಮನೆಗೆ ಕರೆದೊಯ್ದ. ಕುರ್ಚಿ ಹಾಕಿದ. ನಮ್ಮವರು ಕುರ್ಚಿಯಲ್ಲಿ ಕೂರದೆ ನೆಲಕ್ಕೆ ಕೂತರು. ಖಾತುನಬಿ ಒಳಬಾಗಿಲಲ್ಲಿ ನಿಂತಿದ್ದಳು.

“ಲಾಡಸಾಬ, ನಾ ವಿಮಾನಕ್ಕ ಕೈ ಹಚ್ಚಾವ ಅಲ್ಲೋ. ಹದಿನೇಳು ವರ್ಷ ಪೂರಿ ಕರದೀನಿ. ನಿನ್ನ ಮಗಳ ತಪ್ಪು ಅಂದದ್ದು ನನ್ನ ಬಾಯಿಚಪಲ. ನನಗೇನೂ ಗೊತ್ತಿಲ್ಲ.”

ಲಾಡಸಾಬ ಹೊಡೆಯಲಿ ಎಂದು ನಾನು ಕಾದೆ, ನಿಜವಾಗಿ ಹೇಳುತ್ತೇನೆ, ಹೊಡೆದಿದ್ದರೆ ಇವರಿಗೂ ನನಗೂ ಒಳ್ಳೆಯದಾಗುತ್ತಿತ್ತು. ಅವನು ದನಿ ಕೂಡ ಏರಿಸಲಿಲ್ಲ.

“ಹಂಗಾರ ಸೊಲ್ಲಾಪುರದಾಗ ನಾ ಏನ್ ಒಪ್ಕೊಂಡು ಬಂದೆ?” ಎಂದ. “ನನ್ನ ಮಗಳು ಮಣ್ಣಾಗಿದ್ಲು. ಅಕಿ ಪರವಾಗಿ ಮಾತಾಡಾವ ನಾ ಒಬ್ಬನ ಇದ್ದೆ.”

ನಾನು ಮಾತಾಡಿದೆ. ನನಗೂ ಎಲ್ಲ ಗೊತ್ತಿತ್ತು, ಅವತ್ತು ಇದೇ ಮನೆಯಲ್ಲಿ ಕೂತು ಸುಮ್ಮನಿದ್ದೆ ಎಂದು ಹೇಳಿದೆ. ತನಿಖೆ ಇನ್ನೂ ನಡೆದಿದೆ, ವರದಿ ಬಂದಿಲ್ಲ, ಅಲ್ಲಿಯವರೆಗೆ ತಪ್ಪು ಯಂತ್ರದ್ದೋ, ಮಂಜಿನದೋ, ಕೆಳಗೆ ನಿಂತು ದಾರಿ ಹೇಳುವವರದೋ, ಯಾರದೆಂದು ಯಾರೂ ಹೇಳಲಾರರು ಎಂದೆ. ಅಮೀರಾಳದು ಅಲ್ಲವೇ ಅಲ್ಲ ಎಂದು ಹೇಳಿಬಿಡಲು ಮನಸ್ಸು ಬಹಳ ಎಳೆಯಿತು. ಅದೂ ನಮಗೆ ಗೊತ್ತಿರಲಿಲ್ಲ, ಇನ್ನೊಂದು ಸುಳ್ಳು ಬೇಡವೆಂದು ಬಿಟ್ಟೆ.

ಆಗ ಖಾತುನಬಿ ಬಾಗಿಲು ಬಿಟ್ಟು ಮುಂದೆ ಬಂದಳು. ಹದಿನೈದು ದಿನದಲ್ಲಿ ಆಕೆ ಆಡಿದ ಮೊದಲ ಮಾತು ಅದೇ ಇರಬೇಕು, ಶಬ್ದಗಳು ತಡವರಿಸಿ ಬಂದವು. “ಅವತ್ತು ಅಣ್ಣಾರು ಹಂಗ ಅಂದಮ್ಯಾಲೆ ನಾ ಅತ್ತಿಲ್ರಿ ಅಕ್ಕೋರ. ಇನ್ನೊಬ್ಬಾಕಿ ಮಗನ್ನ ನನ್ನ ಮಗಳು ಕೊಂದಾಳಂದ್ರ, ನಾ ಯಾವ ಬಾಯಿಲೆ ಅಳ್ಲಿ? ಈಗ ಯಾರಿಗೂ ಗೊತ್ತಿಲ್ಲ ಅಂತೀರಿ. ಗೊತ್ತಾಗೋ ತನಕಾರ ನಾ ಅಳಬೌದೇನ್ರಿ?”

ನಮ್ಮನ್ನು ಕೇಳಿದಳು, ನಮ್ಮನ್ನು. ಅಳು ತಾಯಿ ಎಂದು ಹೇಳುವ ಯೋಗ್ಯತೆ ನನಗೂ ಇರಲಿಲ್ಲ, ಇವರಿಗೂ ಇರಲಿಲ್ಲ. ಲಾಡಸಾಬ ಎದ್ದು ನಮ್ಮಿಬ್ಬರನ್ನೂ ಹೊರಗೆ ಕಳಿಸಿ ಬಾಗಿಲು ಮುಂದೆ ಮಾಡಿದ. ನಾವು ಓಣಿ ದಾಟುವವರೆಗೂ ಆಕೆಯ ಅಳು ಕೇಳುತ್ತಿತ್ತು.