ಒಣ ಅಗಸಿ

ಪ್ಯಾಟ್ಯಾಗ ತೊಗರಿಬ್ಯಾಳಿ ಕೊಂಡರೂ ಅಂಗೈಮ್ಯಾಲ ಹಾಕ್ಕೊಂಡು ತಿಕ್ಕಿ ನೋಡಾಕಿ ನಾನು. ಅಂಥಾಕಿಗೆ ಪುಕ್ಕಟೆ ಪಾವ್ ಕಿಲೋ ಅಗಸಿ ಬಂದರ ಹೆಂಗ ನಂಬಲಿ?

ಕೊಟ್ಟಾಕಿ ನಮ್ಮ ಸಾಲಿ ಟೀಚರು. ಹನ್ನೊಂದು ವರ್ಷದಿಂದ ಇಬ್ಬರೂ ಒಂದೇ ಸಾಲ್ಯಾಗ ಕಲಸ್ತೀವಿ. ನಾನು ಬಾಗೇವಾಡಿಯಿಂದ ಹೂವಿನ ಹಿಪ್ಪರಗಿ ಬಸ್ಸು ಹಿಡದು ಬರಾಕಿ, ಆಕಿ ಮನಿ ಸಾಲಿ ಹಿಂದೇ ಅದ.

ಮೂರು ತಿಂಗಳಿಂದ ನನಗ ಹೊಟ್ಟಿ ಸಾಫ್ ಆಗತಿರಲಿಲ್ಲ. ನಾಲ್ಕು ದಿನಕ್ಕೊಮ್ಮೆ, ಅದೂ ಕಣ್ಣಾಗ ನೀರು ಬರೂ ಹಂಗ. ಒಂದು ದಿನ ರಕ್ತಾನೂ ಕಂಡಿತು. ಅವ್ವನ ತಂಗಿ ಕರುಳಿನ ಗಡ್ಡಿಯಿಂದ ಸತ್ತಾಕಿ. ಆಕಿದೂ ಹಿಂಗ ಚಾಲೂ ಆಗಿತ್ತು. ಭಾಳ ಹೆದರಿದ್ದೆ, ಯಾರ ಮುಂದೂ ಹೇಳಲಿಲ್ಲ.

ನಾನು ಕುರ್ಚಿಮ್ಯಾಲ ವಾಲಿ ಕೂಡೂದು ನೋಡಿ ಆ ಟೀಚರ್‌ಗೆ ಗೊತ್ತಾತು. "ನಮ್ಮ ಹೊಲದ ಅಗಸಿ ಐತ್ರಿ. ಪುಡಿ ಮಾಡಿ ದಿನಾ ಒಂದ ಚಮಚಾ ತಗೋರಿ, ಮ್ಯಾಲ ಗಟಗಟ ನೀರ ಕುಡೀರಿ," ಅಂದ್ಲು.

ಯಾಕ ಕೊಟ್ಲು? ಶನಿವಾರದ ಡ್ಯೂಟಿ ನನ್ನ ಕೊರಳಿಗೆ ಕಟ್ಟೋ ವಿಚಾರ ಇರಬೇಕು. ಇಲ್ಲಾ, ಹಳೇ ಮಾಲು ಸಾಗಹಾಕ್ಯಾಳ. ಮನ್ಯಾಗ ಮೊರದಾಗ ಹಾಕಿ ಕೇರಿದೆ, ಮೂಸಿದೆ, ನಾಲ್ಕು ಕಾಳು ಹಲ್ಲಾಗ ಕಡದೆ. ಒಂದು ಹರಳೂ ಸಿಗಲಿಲ್ಲ. ಅದಕ್ಕೂ ಸಂಶಯ ಬಂತು.

ಕಡೀಕೆ ಪುಡಿ ಮಾಡಿ, ಡಬ್ಬ್ಯಾಗ ತುಂಬಿ, ಸಾಲ್ಯಾಗ ರೊಟ್ಟಿ ಜೋಡಿ ತಿನ್ನಲಿಕ್ಕೆ ಹತ್ತಿದೆ. ನೀರು ಮಾತ್ರ ಕುಡೀಲಿಲ್ಲ. ಸಾಲಿ ಸಂಡಾಸಿನ ನಳ ಬಂದ್ ಬಿದ್ದದ. ಕುಡದರ ಸಂಡಾಸಿಗೆ ಹೋಗಬೇಕು, ಹೋಗೂದಾದರ ಆಕಿ ಮನಿಗೇ ಹೋಗಬೇಕು, ಹೋದರ ಆಕಿ ಕೊಟ್ಟ ನೀರು ಕುಡೀಬೇಕು. ಆಕಿ ಮನಿ ಗ್ವಾಡಿಮ್ಯಾಲ ಬುದ್ಧನ ಫೋಟೋ, ನಮ್ಮ ದೇವರ ಮನ್ಯಾಗ ವಿಠ್ಠಲ. ಒಣಾ ಕಾಳು ಯಾರ ಕೈಯಿಂದ ಬಂದರೂ ನಡೀತದ, ನೀರು ಮಾತ್ರ ಮನಿ, ಜಾತಿ ನೋಡಿ ಕುಡೀಬೇಕು, ಹಿಂಗ ಕೇಳಿಕೋತ ಬೆಳದಾಕಿ ನಾನು. ವರ್ಗದಾಗ ಎಲ್ಲಾರೂ ಸಮಾನರು ಅಂತ ಪಾಠ ಮಾಡತಿದ್ದೆ. ಆಕಿ ಕರದಾಗ "ನನಗ ನೀರಡಿಕಿ ಆಗೂದಿಲ್ರಿ" ಅಂತಿದ್ದೆ.

ಆರನೇ ದಿನಕ್ಕ ಹೊಟ್ಟಿ ಕಲ್ಲಾತು. ಮತ್ತ ರಕ್ತ. ಆಕಿನೂ ಅದೇ ಅಗಸಿ ತಿಂತಾಳ, ಗಟ್ಟಿಮುಟ್ಟ ಇದ್ದಾಳ. ಹಂಗಾದರ ನನಗ ಬ್ಯಾರೆ ಕಾಳು ಕೊಟ್ಟಾಳ ಅಂತ ಖಾತ್ರಿ ಮಾಡಿಕೊಂಡೆ.

ಬಾಗೇವಾಡಿ ಡಾಕ್ಟರು ತಪಾಸಣಿ ಮಾಡಿ, "ಗಡ್ಡಿ ಏನಿಲ್ರಿ. ಮಲ ಒಣಗಿ, ಬುಡದಾಗ ಹರದು ರಕ್ತ ಬಂದದ," ಅಂದರು. ಜೀವ ಬಂದಂಗಾತು. ಲಗೂನ ಅಗಸಿಮ್ಯಾಲ ತಕರಾರು ಹೇಳಿದೆ.

"ತಿಂದ ಮ್ಯಾಲ ಎಷ್ಟು ನೀರು ಕುಡೀತೀರಿ?"

"ಸಾಲ್ಯಾಗ ನೀರು ಕುಡಿಯೂದಿಲ್ರಿ," ಅಂದೆ.

"ನೀರಿಲ್ಲದ ತಿಂದರ ಅದು ಒಳಗೇ ಗಟ್ಟಿ ಆಗ್ತದ. ಬೀಜದ್ದೇನು ತಪ್ಪರಿ?"

ಮರುದಿನ ಊಟದ ಗಂಟಿ ಆದಕೂಡಲೇ ಆಕಿ ಮನಿಗೆ ಹೋದೆ. ಹೊಚ್ಚಲಾ ದಾಟೂದು ಅದೇ ಮೊದಲು. "ನೀರು ಕೊಡ್ರಿ," ಅಂದೆ.

ಆಕಿ ಒಳಗ ಹೋದ್ಲು. ಕಪಾಟಿನ ಮ್ಯಾಲಿಂದ ಒಂದು ಸ್ಟೀಲ್ ಲೋಟ ಇಳಿಸಿ ತಂದ್ಲು. ಅಂಗಡಿ ಸ್ಟಿಕ್ಕರ್ ಇನ್ನೂ ಹಂಗೇ ಇತ್ತು.

"ನೀವು ಸಾಲಿಗೆ ಬಂದ ವರ್ಷ ನಿಮಗಂತ ತಂದಿಟ್ಟೇನ್ರಿ. ಯಾರೂ ಬಾಯಿ ಹಚ್ಚಿಲ್ಲ," ಅಂದ್ಲು. ದನಿಯೊಳಗ ಸಿಟ್ಟು ಇರಲಿಲ್ಲ. ಸಿಟ್ಟು ಮಾಡಿದ್ದರ ಛಲೋ ಇತ್ತು. ನಾಚಿಕಿಯಿಂದ ನನಗ ಮಾರಿ ಎತ್ತಲಿಕ್ಕೆ ಆಗಲಿಲ್ಲ.

"ಅದು ಬ್ಯಾಡ್ರಿ. ನೀವು ಕುಡಿಯೂ ಲೋಟದಾಗ ಕೊಡ್ರಿ."

ಆಕಿ ಲಗೂನ ಹೊಳ್ಳಲಿಲ್ಲ. ಖರೇನ ಕುಡೀತಾಳೋ ಇಲ್ಲೋ ಅಂತ ನನ್ನ ಮಾರೀನ ನೋಡಿಕೋತ ನಿಂತ್ಲು.